ಕಾರಿನ ಬಲವರ್ಧನೆ: ಖರ್ಚಿನ ಲೆಕ್ಕ, ಭೌತಶಾಸ್ತ್ರದ ಲೆಕ್ಕ

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೈಯಲ್ಲಿ ಒಂದು ಚೀಟಿ ಹಿಡಿದುಕೊಂಡು ಕಾಲೇಜಿಗೆ ಬಂದನು. ತಂದೆಯ ಹಳೆಯ ಮಾರುತಿ 800 ಕಾರು ಅವನ ಪಾಲಿಗೆ ಬಂದಿತ್ತು. ಅದರ ವೇಗವನ್ನು ಹೆಚ್ಚಿಸಬೇಕೆಂಬುದು ಅವನ ಆಸೆ. ಹೊಸ ಗಾಳಿಶೋಧಕ, ಅಗಲವಾದ ಸೈಲೆನ್ಸರ್ ಕೊಳವೆ, ಇಂಧನವನ್ನು ನಿಯಂತ್ರಿಸುವ ವಿದ್ಯುನ್ಮಾನ ಪೆಟ್ಟಿಗೆಯ ಮರುಹೊಂದಿಕೆ ಎಂದು ಗ್ಯಾರೇಜಿನವರು ಬರೆದುಕೊಟ್ಟಿದ್ದರು. ಒಟ್ಟು 60,000 ರೂಪಾಯಿ. ಅವನು ಎರಡು ವರ್ಷ ಸಂಬಳದಲ್ಲಿ ಉಳಿಸಿದ ಹಣ.

"ಟಯರು ಎಲ್ಲಿದೆಯಪ್ಪಾ ಇದರಲ್ಲಿ?" ಎಂದು ಕೇಳಿದೆವು.

"ಟಯರು ಇನ್ನೂ ಓಡುತ್ತೆ ಸಾರ್."

ಹೊರಗೆ ಹೋಗಿ ನೋಡಿದರೆ ಟಯರುಗಳ ತೋಡುಗಳು ಸವೆದು ಬೋಳಾಗಿದ್ದವು. ಆ ಸಂಜೆ ಅವನೊಡನೆ ಕುಳಿತು ಮಾಡಿದ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ.

ಈ ಕಾರಿನ ಎಂಜಿನ್ನು 796 ಘನ ಸೆಂಟಿಮೀಟರಿನದು. ಅದರ ಸಾಮರ್ಥ್ಯ ಸುಮಾರು 37 ಅಶ್ವಶಕ್ತಿ. ಅದನ್ನು ನೂರಕ್ಕೆ 20ರಷ್ಟು ಹೆಚ್ಚಿಸಿದೆವೆಂದು ಭಾವಿಸೋಣ. ಅಂತಹ ಪುಟ್ಟ ಎಂಜಿನ್ನಿನಲ್ಲಿ ಇದು ಉದಾರವಾದ ಊಹೆಯೇ ಸರಿ. ಆಗ ಕಾರಿನ ಗರಿಷ್ಠ ವೇಗ ಎಷ್ಟು ಹೆಚ್ಚೀತು? ವೇಗವು ಹೆಚ್ಚಿದಂತೆಲ್ಲ ಗಾಳಿಯ ರೋಧವು ವೇಗದ ವರ್ಗಕ್ಕೆ ಅನುಪಾತವಾಗಿ ಏರುತ್ತದೆ. ರೋಧವನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ದೊರೆಯುತ್ತದೆ. ಆದುದರಿಂದ ಸಾಮರ್ಥ್ಯವು ವೇಗದ ಘನಕ್ಕೆ ಅನುಪಾತ. 1.2ರ ಘನಮೂಲ ಸುಮಾರು 1.06. ಮೊದಲು ಗಂಟೆಗೆ 120 ಕಿಲೋಮೀಟರ್ ಓಡುತ್ತಿದ್ದ ಕಾರು ಈಗ 127 ಓಡೀತು, ಅಷ್ಟೆ. ಸೈಲೆನ್ಸರಿನ ಗರ್ಜನೆ ಮಾತ್ರ ಇಮ್ಮಡಿಸೀತು. ಗರ್ಜನೆಯನ್ನೇ ವೇಗವೆಂದು ಕಿವಿ ನಂಬಿಬಿಡುತ್ತದೆ!

ಇನ್ನು ನಿಲ್ಲಿಸುವ ಮಾತು. ಇಬ್ಬರು ಕುಳಿತಾಗ ಕಾರಿನ ಒಟ್ಟು ರಾಶಿ 800 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 1.1 ಲಕ್ಷ ಜೂಲ್, 120ರಲ್ಲಿ 4.4 ಲಕ್ಷ. ಈ ಶಕ್ತಿಯ ಬಹುಪಾಲು ಬ್ರೇಕಿನ ಕಬ್ಬಿಣದಲ್ಲಿ ಉಷ್ಣವಾಗಿ ಸೇರುತ್ತದೆ. ಆ ಕಬ್ಬಿಣ 8 ಕಿಲೋಗ್ರಾಂ ಇದ್ದರೆ, 120ರಿಂದ ಒಮ್ಮೆ ನಿಲ್ಲಿಸಿದಾಗ ಅದರ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಘಾಟಿಯ ಇಳಿಜಾರಿನಲ್ಲಿ ಹೀಗೆ ಮತ್ತೆ ಮತ್ತೆ ನಡೆದರೆ ಕಾವು ಬ್ರೇಕಿನ ದ್ರವಕ್ಕೂ ಹರಿಯುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು 205 ಡಿಗ್ರಿಗೆ ಕಡಮೆಯಿರಕೂಡದೆಂದು ನಿಯಮ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೇವಗೊಂಡ ದ್ರವಕ್ಕೆ ನಿಯಮವು ಕೇಳುವುದು 140 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯ ಗುಳ್ಳೆಗಳಾದರೆ, ಗುಳ್ಳೆಗಳು ಕುಗ್ಗುತ್ತವೆ, ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಇಡೀ ಯೋಜನೆಯಲ್ಲಿ ಅತ್ಯಂತ ಅಗ್ಗದ ವಸ್ತು ಈ ದ್ರವ. ಚೀಟಿಯಲ್ಲಿ ಅದೂ ಇರಲಿಲ್ಲ.

ಬ್ರೇಕು ಎಷ್ಟೇ ಬಲವಾಗಿರಲಿ, ಕಡೆಗೆ ಕಾರನ್ನು ಹಿಡಿದು ನಿಲ್ಲಿಸುವುದು ಟಯರು ಮತ್ತು ರಸ್ತೆಗಳ ನಡುವಿನ ಘರ್ಷಣೆ. ಚಲಿಸುವ ದೂರವು ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದಷ್ಟು. ಈ ಸೂತ್ರದಲ್ಲಿ ಅಶ್ವಶಕ್ತಿಗೆ ಸ್ಥಾನವಿಲ್ಲ, ರಾಶಿಗೂ ಇಲ್ಲ. ಒದ್ದೆ ರಸ್ತೆಯಲ್ಲಿ ಒಳ್ಳೆಯ ಟಯರಿನ ಘರ್ಷಣಾಂಕ 0.6, ಬೋಳು ಟಯರಿನದು 0.3 ಎಂದು ಉದಾಹರಣೆಗೆ ತೆಗೆದುಕೊಂಡರೆ, 60ರ ವೇಗದಲ್ಲಿ ಮೊದಲನೆಯದು ಸುಮಾರು 24 ಮೀಟರಿನಲ್ಲಿ ನಿಲ್ಲುತ್ತದೆ, ಎರಡನೆಯದು 47 ಮೀಟರಿನಲ್ಲಿ. ಆ 23 ಮೀಟರಿನ ನಡುವೆ ಶಾಲೆಯ ಮಗುವೊಂದು ರಸ್ತೆ ದಾಟುತ್ತಿರಬಹುದು.

ಚುರುಕನ್ನು ಹೆಚ್ಚಿಸಲು ಇನ್ನೊಂದು ದಾರಿ, ಹೊರೆಯನ್ನು ಇಳಿಸುವುದು. 800ರಲ್ಲಿ 40 ಕಿಲೋಗ್ರಾಂ ತೆಗೆದರೆ ವೇಗೋತ್ಕರ್ಷದ ಮಟ್ಟಿಗೆ ಸಾಮರ್ಥ್ಯವನ್ನು ನೂರಕ್ಕೆ 5ರಷ್ಟು ಹೆಚ್ಚಿಸಿದಂತೆಯೇ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಇದೇ ಮಾರುತಿ 800ರ ಎಂಜಿನ್ನನ್ನು ಹಗುರವಾದ ಒಂಟಿ ಆಸನದ ದೇಹದಲ್ಲಿ ಕೂರಿಸಿ ಫಾರ್ಮುಲಾ ಮಾರುತಿ ಎಂಬ ಪಂದ್ಯದ ಕಾರನ್ನು ರೂಪಿಸಿದರು. ನಮ್ಮ ವಿದ್ಯಾರ್ಥಿಯ ಡಿಕ್ಕಿಯಲ್ಲಾದರೋ ಎರಡು ಚೀಲ ಸಿಮೆಂಟು ಹಾಗೆಯೇ ಕುಳಿತಿತ್ತು!

ಪಂದ್ಯದ ಅಂಕಣದ ಮಾತು ಬೇರೆ, ರಸ್ತೆಯದು ಬೇರೆ. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಡೆಯುತ್ತದೆ. 2019ರ ತಿದ್ದುಪಡಿಯಂತೆ ಮಾಲೀಕನಿಗೆ ಪ್ರತಿಯೊಂದು ಅಕ್ರಮ ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಖರ್ಚಿನ ಚೀಟಿಯಲ್ಲಿ ಇದಕ್ಕೂ ಒಂದು ಸಾಲು ಬೇಕಷ್ಟೆ.

ಅವನು ಚೀಟಿಯನ್ನು ತಿರುವಿ ಹಿಂಬದಿಯಲ್ಲಿ ಹೊಸದಾಗಿ ಬರೆದನು: ಮೂಲ ಅಳತೆಯದೇ ನಾಲ್ಕು ಟಯರು, ಬ್ರೇಕಿನ ಪ್ಯಾಡು ಮತ್ತು ದ್ರವ, ಸ್ಪಾರ್ಕ್ ಪ್ಲಗ್ಗು, ಗಾಲಿಗಳ ಹೊಂದಾಣಿಕೆ. ಸಿಮೆಂಟನ್ನು ಮರುದಿನವೇ ಇಳಿಸಿದನಂತೆ. ಎಲ್ಲ ಮುಗಿದ ಮೇಲೂ ಅರ್ಧಕ್ಕಿಂತ ಹೆಚ್ಚು ಹಣ ಉಳಿದಿದೆ. ಎಂಜಿನ್ನನ್ನು ಮುಟ್ಟುವ ಆಸೆ ಮಾತ್ರ ಇನ್ನೂ ಹೋಗಿಲ್ಲವೆಂದು ಮೊನ್ನೆ ಸಿಕ್ಕಾಗ ನಾಚುತ್ತ ಹೇಳಿದನು.