ಉದ್ಯೋಗಾರ್ಥಿಯ ಆತ್ಮಪರಿಚಯ

ಮಹಾಭಾರತದ ಕರ್ಣಪರ್ವದಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವುಂಟು. ಅಣ್ಣನಾದ ಧರ್ಮರಾಯನನ್ನು ನಿಂದಿಸಿದ ಪಾಪಕ್ಕೆ ಅರ್ಜುನನು ಪ್ರಾಣತ್ಯಾಗ ಮಾಡಲೆಳಸಿದಾಗ, ಆತ್ಮಪ್ರಶಂಸೆಯೇ ಆತ್ಮಹತ್ಯೆಗೆ ಸಮವೆಂದು ತಿಳಿಸಿ, ತನ್ನನ್ನು ತಾನೇ ಹೊಗಳಿಕೊಳ್ಳುವಂತೆ ಕೃಷ್ಣನು ಅವನಿಗೆ ಹೇಳುತ್ತಾನೆ. ಈ ಸಂಸ್ಕಾರ ನಮ್ಮ ನಾಡಿನ ಮಕ್ಕಳಲ್ಲಿ ಇಂದಿಗೂ ಆಳವಾಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಿಂದ ಬಂದ ವಿದ್ಯಾರ್ಥಿಗೆ ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುವುದೆಂದರೆ ಸಂಕೋಚ.

ಆದರೆ ಕಾಲಧರ್ಮ ಬೇರೆಯಾಗಿದೆ. ಪ್ರತಿಯೊಬ್ಬ ವ್ಯಕ್ತಿಯೂ ತನ್ನ ಹೆಸರನ್ನೇ ಒಂದು ಮುದ್ರೆಯಾಗಿ, ಅಂದರೆ ಬ್ರ್ಯಾಂಡ್ ಆಗಿ, ಬೆಳೆಸಬೇಕೆಂದು ಅಮೆರಿಕದ ಟಾಮ್ ಪೀಟರ್ಸ್ 1997ರಲ್ಲಿ ಬರೆದರು. 2003ರಲ್ಲಿ ಲಿಂಕ್ಡ್‌ಇನ್ ಎಂಬ ಜಾಲತಾಣ ಉದ್ಯೋಗಾರ್ಥಿಗಳಿಗೆ ತೆರೆಯಿತು. ಬೆಂಗಳೂರಿನ ಅನೇಕ ಸಂಸ್ಥೆಗಳು ಇಂದು ಅಭ್ಯರ್ಥಿಯ ಮುಖವನ್ನು ನೋಡುವ ಮೊದಲು ಅವನ ಜಾಲಪುಟವನ್ನು ನೋಡುತ್ತವೆ. ಅಲ್ಲಿ ಮೌನವಾಗಿರುವವನು ವಿನಯಶಾಲಿಯೆಂದು ಯಾರೂ ತಿಳಿಯುವುದಿಲ್ಲ. ಅವನು ಕಣ್ಣಿಗೇ ಬೀಳುವುದಿಲ್ಲ. ಅರ್ಹತೆಯಿದ್ದೂ ಕೆಲಸ ತಪ್ಪುವುದು ಹೀಗೆ.

ಆದುದರಿಂದ ಆತ್ಮಪ್ರಶಂಸೆಗೂ ಆತ್ಮಪರಿಚಯಕ್ಕೂ ಇರುವ ಭೇದವನ್ನು ಮಕ್ಕಳಿಗೆ ತಿಳಿಸುವುದು ಉಪಾಧ್ಯಾಯರಾದ ನಮ್ಮ ಕರ್ತವ್ಯ. ಪ್ರಮಾಣವಿಲ್ಲದ ಮಾತು ಪ್ರಶಂಸೆ. ಪ್ರಮಾಣವಿರುವ ಮಾತು ಪರಿಚಯ. ನಮ್ಮ ಪ್ರಾಚೀನ ಕವಿಗಳು ಪರಿಚಯಕ್ಕೆ ನಾಚಲಿಲ್ಲ. ರನ್ನನು 993ರ ಅಜಿತಪುರಾಣದಲ್ಲಿ ತಾನು ಬಳೆಗಾರರ ಕುಲದವನೆಂಬುದನ್ನು ಮುಚ್ಚಿಡದೆ ಹೇಳಿ, ಗುರುವನ್ನೂ ಆಶ್ರಯದಾತರನ್ನೂ ಸ್ಮರಿಸಿದ್ದಾನೆ. ಹೆಮ್ಮೆಯ ಮಾತುಗಳೂ ಅವನಲ್ಲಿ ಧಾರಾಳ. ಆದರೆ ಆ ಮಾತಿನ ಬೆನ್ನಿಗೆ ಕೃತಿಯಿದೆ. ನಮ್ಮ ನೆರೆಯಲ್ಲೇ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ.ನಂ. ಶ್ರೀಕಂಠಯ್ಯನವರನ್ನು ನೆನೆಯಿರಿ. ‘ತೀನಂಶ್ರೀ’ ಎಂದೊಡನೆ ‘ಭಾರತೀಯ ಕಾವ್ಯಮೀಮಾಂಸೆ’ ಕಣ್ಣಮುಂದೆ ನಿಲ್ಲುತ್ತದೆ. ಹೆಸರು ಮುದ್ರೆಯಾಗುವುದು ಕೃತಿಯಿಂದಲೇ.

ಈ ತತ್ತ್ವವನ್ನು ಕಲ್ಪತರು ನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ತೆಂಗಿನಕಾಯಿ ಹಲವು ತಿಂಗಳು ಅಟ್ಟದ ಮೇಲೆ ಕುಳಿತು, ಒಳಗಿನ ನೀರು ಇಂಗಿದ ಮೇಲೆ ಉಂಡೆಕೊಬ್ಬರಿಯಾಗುತ್ತದೆ. ತಿಪಟೂರು ಮಾರುಕಟ್ಟೆಯಲ್ಲಿ ಇಂದು ಕಂಪ್ಯೂಟರಿನ ಮೂಲಕ ಇ-ಟೆಂಡರ್ ನಡೆಯುತ್ತದೆ, ನಿಜ. ಆದರೆ ಬೆಲೆ ನಿಲ್ಲುವುದು ಕೊಬ್ಬರಿಯ ಗುಣದ ಮೇಲೆ. ಜಾಲಪುಟವೂ ಹಾಗೆಯೇ. ಅದು ಮಾಲನ್ನು ತೋರಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಆದರೆ ಮಾರುಕಟ್ಟೆಗೆ ತಾರದ ಕೊಬ್ಬರಿಗೂ ಬೆಲೆಯಿಲ್ಲವಷ್ಟೆ!

ತರಗತಿಯಲ್ಲಿ ಇದನ್ನು ವ್ಯಾಕರಣದ ಪಾಠವಾಗಿಯೇ ಬೋಧಿಸಬಹುದು. ‘ನಾನು ಪರಿಶ್ರಮಿ, ಉತ್ಸಾಹಿ, ನಾಯಕತ್ವಗುಣವುಳ್ಳವನು’ ಎಂಬಲ್ಲಿ ಇರುವುದೆಲ್ಲ ವಿಶೇಷಣ. ಇದನ್ನು ಯಾರು ಬೇಕಾದರೂ ಬರೆಯಬಹುದು. ‘ಎರಡು ವರ್ಷ ನಮ್ಮ ತೋಟದ ಕೊಬ್ಬರಿ ಮಾರಾಟದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಟ್ಟೆನು, ಹನಿ ನೀರಾವರಿಯ ಕೊಳವೆಗಳನ್ನು ಜೋಡಿಸಿದೆನು’ ಎಂಬಲ್ಲಿ ಕ್ರಿಯಾಪದವಿದೆ, ಕಾಲವಿದೆ, ಕರ್ಮವಿದೆ. ಇದನ್ನು ಮಾಡಿದವನು ಮಾತ್ರ ಬರೆಯಬಲ್ಲನು. ವಿಶೇಷಣವನ್ನು ತಗ್ಗಿಸಿ ಕ್ರಿಯಾಪದವನ್ನು ಹೆಚ್ಚಿಸಿರೆಂಬುದೇ ಸೂತ್ರ. ಮೊದಲು ಕನ್ನಡದಲ್ಲಿ ಬರೆಯಿಸಿ, ಅರ್ಥ ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ತರಿಸುವುದು ಲೇಸು. ಅರ್ಜಿಯಲ್ಲಿಯೂ ಅಂಕಪಟ್ಟಿಯಲ್ಲಿಯೂ ಜಾಲಪುಟದಲ್ಲಿಯೂ ಹೆಸರು ಒಂದೇ ರೀತಿಯಲ್ಲಿರಲಿ. ತಾನು ಬಯಸುವ ಕೆಲಸದ ಹೆಸರನ್ನೂ, ಕಲಿತ ವಿದ್ಯೆಯ ಹೆಸರನ್ನೂ ಸ್ಪಷ್ಟವಾಗಿ ನಮೂದಿಸಲಿ. ಉದ್ಯೋಗ ಕೊಡುವವರು ಹುಡುಕುವುದು ಆ ಪದಗಳನ್ನೇ.

ಎಚ್ಚರಿಕೆಯ ಮಾತೂ ಅಗತ್ಯ. ವಾಟ್ಸಾಪಿನಲ್ಲೋ ಫೇಸ್‌ಬುಕ್ಕಿನಲ್ಲೋ ಕೆಲಸದ ಆಸೆ ತೋರಿಸಿ ಮುಂಗಡ ಹಣ ಕೇಳುವವರನ್ನು ನಂಬಲಾಗದು. ಆಧಾರ್ ಸಂಖ್ಯೆ, ಬ್ಯಾಂಕಿನ ವಿವರಗಳನ್ನು ಬಹಿರಂಗಪಡಿಸಲಾಗದು. ಮೋಸವಾದರೆ ಒಡನೆಯೇ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ಸಿಟ್ಟಿನ ಭರದಲ್ಲಿ ಬರೆದ ಹೊಲಸು ಮಾತು ಕೂಡ ಜಾಲದಲ್ಲಿ ಉಳಿದು, ಮುಂದೊಂದು ದಿನ ಬರೆದವನಿಗೇ ಎದುರುಸಾಕ್ಷಿಯಾಗುತ್ತದೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲೂ ದಾನಿಗಳಲ್ಲೂ ಒಂದು ಬಿನ್ನಹ. ತರ್ಕಶಾಸ್ತ್ರದಲ್ಲಿ ಆಪ್ತವಾಕ್ಯವೂ ಒಂದು ಪ್ರಮಾಣ. ಲಿಂಕ್ಡ್‌ಇನ್ನಿನಲ್ಲಿ ಒಬ್ಬರ ಕೆಲಸವನ್ನು ಕಂಡವರು ಅವರ ಪರವಾಗಿ ನಾಲ್ಕು ಮಾತು ಬರೆಯಲು ಅವಕಾಶವಿದೆ. ಬೆಂಗಳೂರಿನಲ್ಲಿ ನೆಲೆಸಿದ ನಮ್ಮವರು ಊರಿನ ಹುಡುಗ ಹುಡುಗಿಯರಿಗೆ ರಜೆಯಲ್ಲಿ ಒಂದಿಷ್ಟು ಕೆಲಸ ಕೊಟ್ಟು, ಅವರು ಮಾಡಿದ್ದನ್ನು ಕಣ್ಣಾರೆ ಕಂಡು, ಕಂಡಷ್ಟನ್ನೇ ಬರೆಯಲಿ. ದಾಕ್ಷಿಣ್ಯಕ್ಕಾಗಿ ಬರೆದ ಹೊಗಳಿಕೆ ಹುಡುಗನಿಗೂ ಕೇಡು, ಶಾಲೆಯ ಮಾತಿಗೂ ಕೇಡು. ದಾನಿಗಳು ಶಾಲೆಗೆ ಗಣಕಯಂತ್ರಗಳನ್ನು ಒದಗಿಸಿದರೆ, ಮನೆಯಲ್ಲಿ ಆ ಅನುಕೂಲವಿಲ್ಲದ ಮಕ್ಕಳೂ ತಮ್ಮ ಪರಿಚಯವನ್ನು ತಾವೇ ಬರೆದುಕೊಂಡಾರು. ತೆಂಗಿನ ಸಸಿಗೆ ಮೊದಲ ವರ್ಷಗಳಲ್ಲಿ ನೀರೂ ನೆರಳೂ ಬೇಕು. ಬೇರು ಇಳಿದ ಮೇಲೆ ಅದೇ ಮರ ತಲೆಮಾರುಗಳನ್ನು ಸಾಕುತ್ತದೆ.