ನಾಲ್ಕು ಗಿಣಿ, ಒಂದು ಪಂಜರ

ತಮ್ಮಾ, ಬಾವಿ ಪಕ್ಕದ ಬೇವಿನ ಗಿಡದ ಕೆಳಗೆ ಆ್ಯಂಗಲ್ ಪಟ್ಟಿಯ ಚೌಕಟ್ಟು ಎದ್ದಿದೆಯಂತೆ. ಅದಕ್ಕೆ ಜಾಲರಿ ಹೊಡೆದು ನಾಲ್ಕು ಗಿಣಿ ಬಿಡುವುದು ನಿನ್ನ ಲೆಕ್ಕ ಎಂದು ವೈನಿ ಹೇಳಿದರು. ಹಕ್ಕಿಯ ಹುಚ್ಚು ಕೆಟ್ಟದ್ದೇನಲ್ಲ, ಮೊಬೈಲಿನ ಹುಚ್ಚಿಗಿಂತ ಎಷ್ಟೋ ವಾಸಿ. ಆದರೆ ಜಾಲರಿ ಹೊಡೆಯುವ ಮೊದಲು ಈ ಕಾಕಾನ ಮಾತು ಕೇಳು. ದನದ ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಎತ್ತು ಎಮ್ಮೆಗಳ ನಡುವೆ ಪಂಜರದ ಹಕ್ಕಿಗಳನ್ನೂ ಜನ ನನ್ನ ಮುಂದೆ ತಂದಿಟ್ಟಿದ್ದಾರೆ.

ಮೊದಲು ಕಾಯ್ದೆಯ ಮಾತು ಮುಗಿಸಿಬಿಡುತ್ತೇನೆ. ಗಂಡಿನ ಕೊರಳಿಗೆ ಗುಲಾಬಿ ಪಟ್ಟಿ ಇರುವ ನಮ್ಮ ಹಸಿರು ಗಿಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಅದು ಎರಡನೇ ಅನುಸೂಚಿಗೆ ಸೇರಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಕೂಡಿಹಾಕುವುದು ಎಲ್ಲವೂ ಅಪರಾಧ. ಜೈಲೂ ಆಗಬಹುದು, ದಂಡವೂ ಬೀಳಬಹುದು. ‘ಸಂತೆಯಲ್ಲಿ ಮಾರುತ್ತಾರಲ್ಲ ಕಾಕಾ’ ಅನ್ನುತ್ತೀ. ಮಾರುತ್ತಾರೆ, ಸಿಕ್ಕಿಬಿದ್ದಾಗ ಓಡಿಹೋಗುತ್ತಾರೆ, ಪಂಜರ ನಿನ್ನ ಹೊಲದಲ್ಲಿ ಉಳಿಯುತ್ತದೆ. ನೀಲಿ ಗಿಣಿ, ಹಳದಿ ಗಿಣಿ ಬೇರೆ ದೇಶದ್ದು ಎಂದು ಯಾರಾದರೂ ಹೇಳಿದರೂ ನಂಬಬೇಡ. ಬಣ್ಣ ಬೇರೆ ಬರುವಂತೆ ಮರಿ ಮಾಡಿಸಿದ್ದಾರೆ, ಜಾತಿ ಅದೇ.

ಹೊರದೇಶದವರು ದೊಡ್ಡ ಪಂಜರದಲ್ಲಿ ಹತ್ತಾರು ಗಿಣಿ ಬಿಟ್ಟಿರುವ ವಿಡಿಯೊ ನೋಡಿ ನಿನಗೆ ಈ ಆಸೆ ಹುಟ್ಟಿದೆ. ಅಲ್ಲಿನ ಕಾಯ್ದೆ ಬೇರೆ, ಅವು ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿಗಳು. ಆದರೂ ವಿಡಿಯೊದಲ್ಲಿ ಕಾಣದ ಸಂಗತಿ ಒಂದಿದೆ. ಈ ಹಕ್ಕಿಯನ್ನು ಬಲ್ಲವರು ಅಲ್ಲಿಯೂ ಸಾಮಾನ್ಯವಾಗಿ ಒಂದು ಜೋಡಿಗೆ ಒಂದು ಉದ್ದನೆಯ ಖೋಲಿ ಕೊಡುತ್ತಾರೆ. ಯಾಕೆಂದು ತಿಳಿದುಕೊಂಡರೆ ಸಾಕು, ನಿನ್ನ ನಾಲ್ಕು ಗಿಣಿಯ ಲೆಕ್ಕ ತಾನಾಗಿಯೇ ಬಿದ್ದುಹೋಗುತ್ತದೆ.

ಸಂಜೆ ಹೊತ್ತಿಗೆ ಗಿಣಿಗಳು ಹಿಂಡು ಹಿಂಡಾಗಿ ಕಿರುಚುತ್ತಾ ಬಂದು ಒಂದೇ ಆಲದ ಗಿಡಕ್ಕೆ ಇಳಿಯುವುದನ್ನು ನೋಡಿ, ಇವು ಕೂಡಿ ಬಾಳುವ ಹಕ್ಕಿ ಅಂದುಕೊಳ್ಳುತ್ತೇವೆ. ಮಲಗುವಾಗ, ಮೇಯುವಾಗ ಅದು ನಿಜ. ಗೂಡಿನ ಹತ್ತಿರ ಮಾತ್ರ ಲೆಕ್ಕವೇ ಬೇರೆ. ಎಳ್ಳ ಅಮಾವಾಸ್ಯೆಗೆ ನಾವು ಭಜ್ಜಿ, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹೊತ್ತಿಗೆ ಹೆಣ್ಣು ಗಿಣಿ ಪೊಟರೆ ಹುಡುಕಲು ಶುರುಮಾಡುತ್ತದೆ. ಗಿಡದ ಪೊಟರೆ, ಹಳೇ ಗೋಡೆಯ ಬಿರುಕು, ಗುಂಬಜಿನ ಸಂದಿ ಯಾವುದಾದರೂ ಆದೀತು. ಒಮ್ಮೆ ಹಿಡಿಯಿತೆಂದರೆ ಮತ್ತೊಂದು ಹೆಣ್ಣನ್ನು ಹತ್ತಿರ ಸುಳಿಯಗೊಡುವುದಿಲ್ಲ. ಗಂಡಿಗೂ ಅಲ್ಲಿ ಹೆಚ್ಚಿನ ಅಧಿಕಾರವಿಲ್ಲ. ದೂರದಿಂದ ತಲೆ ಬಾಗಿಸಿ, ಅದರ ಮನಸ್ಸು ನೋಡಿ, ಬಾಯಿಗೆ ತುತ್ತು ಕೊಟ್ಟು ಒಲಿಸಿಕೊಳ್ಳಬೇಕು. ಹೊರಗೆ ಸೋತ ಹಕ್ಕಿ ಇನ್ನೊಂದು ಗಿಡಕ್ಕೆ ಹಾರುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ನಿನ್ನ ಪಂಜರದಲ್ಲಿ ಸೋತದ್ದು ಎಲ್ಲಿಗೆ ಹಾರಬೇಕು?

ಇನ್ನೊಂದು ತೊಡಕಿದೆ. ಮರಿಯಿದ್ದಾಗ ಗಂಡು ಹೆಣ್ಣು ಎರಡೂ ಒಂದೇ ಥರ ಕಾಣುತ್ತವೆ. ಕೊರಳ ಪಟ್ಟಿ ಗಂಡಿಗೆ ಮಾತ್ರ, ಅದೂ ಪೂರ್ತಿ ಮೂಡಲು ಮೂರು ವರ್ಷದವರೆಗೆ ಹಿಡಿಯಬಹುದು. ‘ಜೋಡಿ’ ಎಂದು ಮಾರಿದ್ದು ಎರಡು ಹೆಣ್ಣಾಗಿರಬಹುದು. ಒಂದು ವರ್ಷ ಅಕ್ಕತಂಗಿಯರ ಹಾಗೆ ಒಂದೇ ಕೋಲಿನ ಮೇಲೆ ಕೂತವು ಪ್ರಾಯಕ್ಕೆ ಬಂದ ಚಳಿಗಾಲದಲ್ಲಿ ಒಂದನ್ನೊಂದು ಹರಿದು ಹಾಕುತ್ತವೆ. ‘ಇಷ್ಟು ದಿನ ಚೆನ್ನಾಗಿದ್ದವು, ಏನಾಯಿತೋ ಗೊತ್ತಿಲ್ಲ’ ಎಂದು ಜನ ಹೇಳುವುದು ಆಗಲೇ.

ಒಬ್ಬರು ತಂದ ಗಿಣಿಯ ಕಾಲಿನಲ್ಲಿ ಒಂದು ಬೆರಳಿನ ತುದಿ ಉಗುರು ಸಮೇತ ಹೋಗಿತ್ತು. ಹೊಟ್ಟೆಯ ಗರಿಗೆ ರಕ್ತ ಅಂಟಿ ಒಣಗಿತ್ತು. ಇಲಿ ಕಡಿದಿದೆ ಎಂದರು. ಇಲಿ ಕಡಿದರೆ ಗಾಯ ಚೂರುಚೂರಾಗಿರುತ್ತದೆ, ಇದು ಇಕ್ಕಳದಿಂದ ಕತ್ತರಿಸಿದಂತಿತ್ತು. ಕೇಳುತ್ತಾ ಹೋದಾಗ ತಿಳಿಯಿತು, ಪಕ್ಕದಲ್ಲಿ ಇನ್ನೊಂದು ಪಂಜರ, ನಡುವೆ ಒಂದೇ ಜಾಲರಿ. ಗಿಣಿ ಜಾಲರಿ ಹಿಡಿದು ಏರಿದೆ, ಆಚೆಯದು ಬೆರಳನ್ನೇ ಕಚ್ಚಿದೆ. ಬಲ್ಲವರು ಎರಡು ಖೋಲಿಗಳ ನಡುವೆ ಎರಡು ಪದರ ಜಾಲರಿ ಹಾಕಿ, ಕೊಕ್ಕು ಮುಟ್ಟದಷ್ಟು ಸಂದಿ ಬಿಡುವುದು ಇದಕ್ಕಾಗಿ.

ಒಟ್ಟಿಗೆ ಇಡಲೇಬೇಕಾದ ಸಂದರ್ಭವೂ ಇಲ್ಲವೆಂದಲ್ಲ. ಮಾರಾಟಗಾರರಿಂದ ಬಿಡಿಸಿ ತಂದ ಮರಿಗಳನ್ನು ರಕ್ಷಣಾ ಕೇಂದ್ರಗಳಲ್ಲಿ ಗುಂಪಾಗಿಯೇ ಸಾಕಬೇಕಾಗುತ್ತದೆ. ಆ ಕೆಲಸದ ರೀತಿ ಹೀಗೆ: ಹೊಸ ಹಕ್ಕಿಯನ್ನು ಕನಿಷ್ಠ 30 ದಿನ ಬೇರೆಯೇ ಇಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಸೇರಿಸಬೇಕು. ಸೇರಿಸುವಾಗಲೂ ಎಲ್ಲವನ್ನೂ ಒಂದೇ ದಿನ, ಎಲ್ಲವಕ್ಕೂ ಹೊಸದಾದ ಜಾಗದಲ್ಲಿ ಬಿಡಬೇಕು. ಮೊದಲೇ ಇದ್ದದ್ದು ಜಾಗ ತನ್ನದೆನ್ನುತ್ತದೆ, ತಡವಾಗಿ ಬಂದದ್ದು ಏಟು ತಿನ್ನುತ್ತದೆ. ಕಾಳು, ನೀರು ಒಂದೇ ಕಡೆ ಇಟ್ಟರೆ ಬಲವಾದ ಹಕ್ಕಿ ಅಲ್ಲೇ ಕಾವಲು ಕೂರುತ್ತದೆ, ಸೋತದ್ದು ಉಪವಾಸ ಬೀಳುತ್ತದೆ. ಆದ್ದರಿಂದ ಮೂರು ನಾಲ್ಕು ಕಡೆ ಇಡಬೇಕು. ಪಂಜರ ಎತ್ತರಕ್ಕಿಂತ ಉದ್ದವಾಗಿರಬೇಕು, ನಡುನಡುವೆ ಸೊಪ್ಪಿನ ಟೊಂಗೆ ಕಟ್ಟಿ ಮರೆಯಾಗಲು ಜಾಗ ಕೊಡಬೇಕು. ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ಗೂಡಿನ ಪೆಟ್ಟಿಗೆಯನ್ನು ಇಡಲೇಬಾರದು. ಅರ್ಧ ಜಗಳಕ್ಕೆ ಅದೇ ಮೂಲ. ಇಷ್ಟೆಲ್ಲ ಮಾಡಿದರೂ ದಿನಕ್ಕೆ ಎರಡು ಸಲ ಯಾರಾದರೂ ನಿಂತು ನೋಡುತ್ತಿರಬೇಕು. ಮೂಲೆ ಹಿಡಿದು ಕೂತ ಹಕ್ಕಿಯನ್ನು ಅಂದೇ ಬೇರೆ ಮಾಡಬೇಕು, ನಾಳೆ ನೋಡೋಣ ಎಂದರೆ ತಡವಾಗುತ್ತದೆ.

ಮೈಸೂರಿನ ಮಾತೂ ನೀನು ಎತ್ತುತ್ತೀ ಎಂದು ಗೊತ್ತು. ಅವಧೂತ ದತ್ತಪೀಠದ ಶುಕವನ 468 ಜಾತಿಯ ಹಕ್ಕಿಗಳನ್ನಿಟ್ಟು 2017ರಲ್ಲಿ ಗಿನ್ನೆಸ್ ದಾಖಲೆ ಮಾಡಿತು. ಅದು ಒಂದು ದೊಡ್ಡ ಸಂಸ್ಥೆ, ಹಕ್ಕಿಗೆಂದೇ ಆಳುಗಳಿದ್ದಾರೆ. ನಮ್ಮ ಡಾಬಕಾದಲ್ಲಿ ಸೋಯಾ ರಾಶಿ ಬಂದ ವಾರ ಮನೆಯ ಎಮ್ಮೆಗೆ ನೀರು ಕುಡಿಸಲು ಆಳು ಸಿಗುವುದಿಲ್ಲ.

ಹಾಗಾದರೆ ಚೌಕಟ್ಟು ಕಿತ್ತುಹಾಕಬೇಕೇ? ಬೇಡ. ಬಜಾರಿನಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಹಕ್ಕಿಗಳು ಬಹುಪಾಲು ಆಸ್ಟ್ರೇಲಿಯಾ ಮೂಲದ ಬಜರಿಗರ್. ಅವನ್ನು ಸಾಕಲು ಅಡ್ಡಿಯಿಲ್ಲ, ಗುಂಪಿನಲ್ಲಿ ಅವು ನಿಜವಾಗಿಯೂ ಹೊಂದಿಕೊಂಡಿರುತ್ತವೆ. ಕಾಕಟಿಯೆಲ್ ಕೂಡ ಸಾಧು ಹಕ್ಕಿ. ಮಕಾವ್, ಕಾಕಟೂ, ಬೂದು ಗಿಣಿಯಂಥ ದುಬಾರಿ ಹಕ್ಕಿಗಳ ಸುದ್ದಿಗೆ ಹೋಗಬೇಡ. 2024ರಲ್ಲಿ ಬಂದ ನಿಯಮದ ಪ್ರಕಾರ ಅಂಥವನ್ನು ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು.

ಜಾಲರಿಯ ಬಗ್ಗೆ ಒಂದು ಮಾತು. ಹೊಸ ಜಿಐ ಜಾಲರಿಗೆ ಸತುವಿನ ಲೇಪ ಇರುತ್ತದೆ. ನಮ್ಮ ಬಿದರಿ ಪಾತ್ರೆಗಳಲ್ಲಿ ಹೆಚ್ಚಾಗಿರುವುದೂ ಅದೇ ಲೋಹ, ಕಪಾಟಿನಲ್ಲಿಟ್ಟರೆ ಚೆಂದ. ಹಕ್ಕಿ ಅದನ್ನು ದಿನವೂ ಕೊಕ್ಕಿನಿಂದ ಕೆರೆದು ನುಂಗಿದರೆ ವಿಷವೇರುತ್ತದೆ. ವಿನೆಗರ್ ಹಾಕಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಬಿಸಿಲಿಗೆ ಬಿಟ್ಟ ಮೇಲೆ ಹೊಡೆ. ಕೂರಲು ಪೈಪು ಬೇಡ, ಬೇವಿನ, ಪೇರಲದ ಟೊಂಗೆಗಳನ್ನು ದಪ್ಪ, ಸಣ್ಣ ಬೆರೆಸಿ ಕಟ್ಟು. ಬಾಗಿಲು ಎರಡಿರಲಿ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತೆ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡ, ನೀರು ಚಿಮುಕಿಸಿಕೋ. ಗಿಣಿಜಾತಿಯ ಹಕ್ಕಿಗಳ ಹಿಕ್ಕೆಯ ಧೂಳಿನಿಂದ ಮನುಷ್ಯರ ಎದೆಗೆ ಹತ್ತುವ ಜ್ವರವೊಂದಿದೆ, ಮನೆಯಲ್ಲಿ ಅಜ್ಜಿ ಇದ್ದಾಳೆ. ಹಕ್ಕಿ ಮಂಕಾದರೆ ಮೆಡಿಕಲ್ ಅಂಗಡಿಯ ಗುಳಿಗೆ ಹಾಕದೆ ಬೀದರದ ನಂದಿನಗರದಲ್ಲಿರುವ ಪಶುವೈದ್ಯ ಕಾಲೇಜಿಗೆ ಒಯ್ಯಿ.

ಇನ್ನು ಗಿಣಿ. ಅವು ಬೇಕೇ ಬೇಕೆಂದರೆ ಅದೇ ಬೇವಿನ ಗಿಡಕ್ಕೆ, ಎರಡಾಳು ಎತ್ತರದಲ್ಲಿ, ದಪ್ಪ ಹಲಗೆಯ ಪೆಟ್ಟಿಗೆ ಕಟ್ಟು. ಒಂದು ಮೊಳದಷ್ಟು ಆಳ, ಮೇಲ್ಭಾಗದಲ್ಲಿ ಮೂರು ಇಂಚಿನ ತೂತು, ತಳಕ್ಕೆ ಕಟ್ಟಿಗೆಯ ಹೊಟ್ಟು. ದೀಪಾವಳಿ ಕಳೆದ ಕೂಡಲೇ ಕಟ್ಟಿದರೆ ಒಳ್ಳೆಯದು. ಮೈನಾ ಬಂದು ಹಿಡಿದುಕೊಂಡರೆ ಬೇಸರ ಬೇಡ, ಇನ್ನೊಂದು ಕಟ್ಟು. ಗಿಣಿ ಬಂದರೆ ಮೂರು ವಾರ ಕಾವು, ಆಮೇಲೆ ಸುಮಾರು ಏಳು ವಾರಕ್ಕೆ ಮರಿ ಹೊರಗೆ ಬರುತ್ತದೆ. ಏಣಿ ಹಾಕಿ ಇಣುಕಬೇಡ. ನಿಮ್ಮಪ್ಪ ಕುಸುಬಿ, ಜೋಳ ತಿನ್ನುತ್ತವೆ ಎಂದು ಗೊಣಗುತ್ತಾನೆ. ತಿನ್ನುತ್ತವೆ, ಸುಳ್ಳಲ್ಲ. ತೆನೆ ಹಾಲುಗಟ್ಟಿದ ಹದಿನೈದು ದಿನ ನೀನೇ ಮಂಚಿಕೆ ಏರಿ ಡಬ್ಬಿ ಬಾರಿಸು, ಹಕ್ಕಿ ಸಾಕುವವರಿಗೆ ಅಷ್ಟಾದರೂ ಕೆಲಸ ಇರಬೇಕಲ್ಲ.

ಜಾಲರಿ ತರಲು ಬೀದರಕ್ಕೆ ಹೋಗುವ ದಿನ ನನಗೂ ಹೇಳು. ಅರ್ಧ ಇಂಚಿನದು ಎಂದು ಒಂದಿಂಚಿನದು ಕೊಟ್ಟು ಕಳಿಸುತ್ತಾರೆ, ಬಜರಿಗರ್ ತಲೆ ಅದರಲ್ಲಿ ಸಿಕ್ಕಿಬೀಳುತ್ತದೆ. ಟೇಪು ನಾನೇ ತರುತ್ತೇನೆ.