ವಿಧಾನಸಭೆಯ ಬಲಾಬಲ ಓದುವುದು ಹೇಗೆ? ಖಾನಾಪುರದಿಂದ ಶುರುಮಾಡಿ

ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಕರ್ನಾಟಕ ವಿಧಾನಸಭೆ ಚುನಾವಣೆಯ ಫಲಿತಾಂಶ ಬಂದ 2023ರ ಮೇ 13ರ ತಡರಾತ್ರಿ ಟಿ.ವಿ. ಪರದೆಯ ಮೂಲೆಯಲ್ಲಿ ನಿಂತ ಲೆಕ್ಕ ಇದು. ಬಹಳ ಮಂದಿ ಇಷ್ಟಕ್ಕೇ ಟಿ.ವಿ. ಆರಿಸಿ ಮಲಗುತ್ತಾರೆ. ಈ ಪಟ್ಟಿಯನ್ನು ನಿಜವಾಗಿ ಓದಬೇಕೆಂದರೆ ಬೆಂಗಳೂರಿನಿಂದ ಶುರುಮಾಡಬೇಡಿ, ನಿಮ್ಮ ಊರಿನಿಂದ ಶುರುಮಾಡಿ. ಅದರಲ್ಲೂ ಬೆಳಗಾವಿ, ಖಾನಾಪುರದವರಿಗೆ ಕಲಿಯಲು ಬೇಕಾದಷ್ಟು ಸರಕು ಮನೆಬಾಗಿಲಲ್ಲೇ ಇದೆ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಪೆನ್ನು ಯಾಕೆ ಬೇಡ ಎಂಬುದು ಐದನೇ ಹಂತದಲ್ಲಿ ತಿಳಿಯುತ್ತದೆ.

ಹಂತ 1: ನಿಮ್ಮ ಕ್ಷೇತ್ರ ಗುರುತಿಸಿ

ಮತದಾರರ ಗುರುತಿನ ಚೀಟಿಯ ಹಿಂಬದಿ ನೋಡಿ. ವಿಳಾಸದ ಜೊತೆಗೆ ವಿಧಾನಸಭಾ ಕ್ಷೇತ್ರದ ಸಂಖ್ಯೆ, ಹೆಸರು ಎರಡೂ ಇರುತ್ತವೆ. ಬೆಳಗಾವಿ ಉತ್ತರ 11, ದಕ್ಷಿಣ 12, ಗ್ರಾಮೀಣ 13, ಖಾನಾಪುರ 14. ಊರ ಹೆಸರು ಒಂದೇ ಆದರೂ ಬೆಳಗಾವಿಗೆ ಶಾಸಕರು ಮೂವರು.

ಖಾನಾಪುರದವರು ಇನ್ನೊಂದು ವಿಷಯ ಬರೆದಿಟ್ಟುಕೊಳ್ಳಬೇಕು. ನಿಮ್ಮ ಜಿಲ್ಲೆ ಬೆಳಗಾವಿ, ಲೋಕಸಭಾ ಕ್ಷೇತ್ರ ಮಾತ್ರ ಉತ್ತರ ಕನ್ನಡ. ‘ನಮ್ಮ ಎಂಪಿ ಯಾರ್ರೀ?’ ಎಂದರೆ ಬೆಳಗಾವಿ ಸಂಸದ ಜಗದೀಶ ಶೆಟ್ಟರ್ ಅಲ್ಲ, ವಿಶ್ವೇಶ್ವರ ಹೆಗಡೆ ಕಾಗೇರಿ. 2024ರಲ್ಲಿ ಅವರು ಸೋಲಿಸಿದ್ದು ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್ ಅವರನ್ನೇ. ಎಂಪಿ, ಎಂಎಲ್‌ಎ ಲೆಕ್ಕ ಕಲಸಿದರೆ ಮುಂದಿನದೆಲ್ಲ ತಪ್ಪುತ್ತದೆ.

ಹಂತ 2: ನಾಲ್ಕು ಕ್ಷೇತ್ರ, ನಾಲ್ಕು ಚುನಾವಣೆ

2008ಕ್ಕಿಂತ ಹಿಂದೆ ಹೋಗಬೇಡಿ. ಆಗ ಉಚಗಾವಿ, ಬಾಗೇವಾಡಿ ಎಂಬ ಬೇರೆ ಕ್ಷೇತ್ರಗಳಿದ್ದವು, ಹೋಲಿಕೆ ಕೂಡಿಬರುವುದಿಲ್ಲ. ಹೀಗೆ ಬರೆದುಕೊಳ್ಳಿ:

ಉತ್ತರ: 2008, 2013 ಫಿರೋಜ್ ಸೇಠ್ (ಕಾಂಗ್ರೆಸ್), 2018 ಅನಿಲ ಬೆನಕೆ (ಬಿಜೆಪಿ), 2023 ಫಿರೋಜ್ ಅವರ ತಮ್ಮ ಆಸಿಫ್ ಸೇಠ್ (ಕಾಂಗ್ರೆಸ್).
ದಕ್ಷಿಣ: 2008 ಅಭಯ ಪಾಟೀಲ (ಬಿಜೆಪಿ), 2013 ಸಂಭಾಜಿ ಪಾಟೀಲ (ಪಕ್ಷೇತರ), 2018, 2023 ಮತ್ತೆ ಅಭಯ ಪಾಟೀಲ.
ಗ್ರಾಮೀಣ: 2008, 2013 ಸಂಜಯ ಪಾಟೀಲ (ಬಿಜೆಪಿ), 2018, 2023 ಲಕ್ಷ್ಮಿ ಹೆಬ್ಬಾಳಕರ (ಕಾಂಗ್ರೆಸ್).
ಖಾನಾಪುರ: 2008 ಪ್ರಹ್ಲಾದ ರೇಮಾಣಿ (ಬಿಜೆಪಿ), 2013 ಅರವಿಂದ ಪಾಟೀಲ (ಪಕ್ಷೇತರ), 2018 ಅಂಜಲಿ ನಿಂಬಾಳ್ಕರ್ (ಕಾಂಗ್ರೆಸ್), 2023 ವಿಠ್ಠಲ ಹಲಗೇಕರ (ಬಿಜೆಪಿ).

ಈಗ 2018 ಮತ್ತು 2023ನ್ನು ಕೂಡಿಸಿ ನೋಡಿ. ಎರಡು ಸಲವೂ ಕಾಂಗ್ರೆಸ್ ಎರಡು, ಬಿಜೆಪಿ ಎರಡು. ಮೊತ್ತ ಮಾತ್ರ ನೋಡಿದವರಿಗೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಆದರೆ ಉತ್ತರವನ್ನು ಬಿಜೆಪಿ ಕಳೆದುಕೊಂಡಿತ್ತು, ಖಾನಾಪುರವನ್ನು 50 ಸಾವಿರಕ್ಕೂ ಮಿಕ್ಕಿದ ಮತಗಳ ಅಂತರದಲ್ಲಿ ಗೆದ್ದಿತ್ತು. ಬಲಾಬಲದ ಪಟ್ಟಿ ಇಂಥದ್ದನ್ನು ನುಂಗಿಬಿಡುತ್ತದೆ.

ಹಂತ 3: ಜಿಲ್ಲೆ, ಆಮೇಲೆ ರಾಜ್ಯ

ಬೆಳಗಾವಿ ಜಿಲ್ಲೆಯಲ್ಲಿ 18 ಸ್ಥಾನ, ಬೆಂಗಳೂರು ಬಿಟ್ಟರೆ ರಾಜ್ಯದಲ್ಲೇ ಹೆಚ್ಚು. 2018ರಲ್ಲಿ ಬಿಜೆಪಿ 10, ಕಾಂಗ್ರೆಸ್ 8. 2023ರಲ್ಲಿ ಕಾಂಗ್ರೆಸ್ 11, ಬಿಜೆಪಿ 7. ವಿಧಾನಸಭೆಯ ಒಟ್ಟು ಸ್ಥಾನ 224, ಬಹುಮತಕ್ಕೆ 113. ಹಳೆಯ ಪುಸ್ತಕಗಳಲ್ಲಿ 225 ಎಂದಿದ್ದರೆ ಗಾಬರಿಯಾಗಬೇಡಿ, ಅದು ಆಂಗ್ಲೋ ಇಂಡಿಯನ್ ನಾಮಕರಣ ಸದಸ್ಯರನ್ನು ಸೇರಿಸಿದ ಲೆಕ್ಕ. 2020ರಲ್ಲಿ ಆ ಸ್ಥಾನ ರದ್ದಾಯಿತು. ಸ್ಪೀಕರ್ ಮತ ಹಾಕುವುದು ಎರಡೂ ಕಡೆ ಸಮ ಬಂದಾಗ ಮಾತ್ರ, ಇದೂ ನೆನಪಿರಲಿ.

ಹಂತ 4: ‘ಇತರರು’ ಡಬ್ಬಿ ಬಿಚ್ಚಿ

ಎಲ್ಲರೂ ದಾಟಿ ಹೋಗುವ ಸಾಲು ಇದು, ನಮ್ಮ ಭಾಗದಲ್ಲಂತೂ ಅತಿ ಮುಖ್ಯವಾದದ್ದು. 2013ರ ಪಟ್ಟಿಯಲ್ಲಿ ಪಕ್ಷೇತರರು 9 ಎಂದಿದೆ. ಅವರಲ್ಲಿ ಸಂಭಾಜಿ ಪಾಟೀಲ, ಅರವಿಂದ ಪಾಟೀಲ ಇಬ್ಬರೂ ಮಹಾರಾಷ್ಟ್ರ ಏಕೀಕರಣ ಸಮಿತಿ, ಅಂದರೆ ಎಂಇಎಸ್‌ನವರು. ಮಹಾರಾಷ್ಟ್ರ–ಕರ್ನಾಟಕ ಗಡಿ ವಿವಾದವನ್ನೇ ಬಂಡವಾಳ ಮಾಡಿಕೊಂಡ ಸಂಘಟನೆಯ ಇಬ್ಬರು ಶಾಸಕರು ಚುನಾವಣಾ ಆಯೋಗದ ಕಡತದಲ್ಲಿ ಬರೀ ‘ಪಕ್ಷೇತರ’. ಬೀದರಿನಲ್ಲೋ ಕೋಲಾರದಲ್ಲೋ ಕೂತು ಪಟ್ಟಿ ನೋಡಿದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

2018ರಲ್ಲಿ, 2023ರಲ್ಲಿ ಸಮಿತಿಯ ಒಬ್ಬರೂ ಗೆಲ್ಲಲಿಲ್ಲ. ಹಾಗಂತ ಸಮಿತಿ ಮುಗಿಯಿತು ಎಂದು ಬರೆದುಬಿಡಬೇಡಿ. 2023ರಲ್ಲಿ ದಕ್ಷಿಣ ಕ್ಷೇತ್ರದಲ್ಲಿ ಎರಡನೇ ಸ್ಥಾನಕ್ಕೆ ಬಂದವರು ಸಮಿತಿಯ ರಮಾಕಾಂತ ಕೊಂಡುಸ್ಕರ್, ರಾಷ್ಟ್ರೀಯ ಪಕ್ಷದವರಲ್ಲ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಗೆದ್ದವರ ಪಕ್ಕ ಎರಡನೆಯವರಿಗೂ ಒಂದು ಕಾಲಂ ಇರಲಿ.

2023ರ ನಾಲ್ವರು ಇತರರನ್ನೂ ಬಿಚ್ಚಿ ನೋಡಿ: ಗಂಗಾವತಿಯಲ್ಲಿ ಸ್ವಂತ ಪಕ್ಷದಿಂದ ಗೆದ್ದ ಜನಾರ್ದನ ರೆಡ್ಡಿ, ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕದ ದರ್ಶನ್ ಪುಟ್ಟಣ್ಣಯ್ಯ, ಹರಪನಹಳ್ಳಿ ಮತ್ತು ಗೌರಿಬಿದನೂರಿನ ಪಕ್ಷೇತರರು. ರೆಡ್ಡಿಯವರು ಮರುವರ್ಷವೇ ಪಕ್ಷವನ್ನು ಬಿಜೆಪಿಯಲ್ಲಿ ವಿಲೀನ ಮಾಡಿದರು.

ಹಂತ 5: ಪೆನ್ಸಿಲ್ಲೇ ಯಾಕೆ

ಫಲಿತಾಂಶದ ದಿನದ ಅಂಕಿ ಐದು ವರ್ಷ ನಿಲ್ಲುವುದಿಲ್ಲ. 2019ರ ಜುಲೈನಲ್ಲಿ 17 ಶಾಸಕರು ಅನರ್ಹರಾದರು. ಸದನದ ಬಲ 207ಕ್ಕೆ ಇಳಿಯಿತು, ಬಹುಮತ 113ರ ಬದಲು 104 ಆಯಿತು. 105 ಜನರಿದ್ದ ಬಿಜೆಪಿ ದಡ ಸೇರಿತು. ಆ 17ರಲ್ಲಿ ಮೂವರು ನಮ್ಮ ಜಿಲ್ಲೆಯವರು: ಗೋಕಾಕದ ರಮೇಶ ಜಾರಕಿಹೊಳಿ, ಅಥಣಿಯ ಮಹೇಶ ಕುಮಠಳ್ಳಿ, ಕಾಗವಾಡದ ಶ್ರೀಮಂತ ಪಾಟೀಲ. ಕಾಂಗ್ರೆಸ್ಸಿನಿಂದ ಗೆದ್ದಿದ್ದ ಮೂವರೂ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. ಜಿಲ್ಲೆಯ 10–8 ಎಂಬುದು 13–5 ಆಗಿಹೋಯಿತು.

ಪಕ್ಷ ಉಚ್ಚಾಟಿಸಿದ ಮಾತ್ರಕ್ಕೆ ಶಾಸಕ ಸ್ಥಾನ ಹೋಗುವುದಿಲ್ಲ. ಉತ್ತರ ಕನ್ನಡದ ಯಲ್ಲಾಪುರದ ಶಿವರಾಮ ಹೆಬ್ಬಾರ್ ಅವರನ್ನು 2025ರ ಮೇನಲ್ಲಿ ಬಿಜೆಪಿ ಹೊರಹಾಕಿತು, ಶಾಸಕರಾಗಿ ಅವರು ಉಳಿದರು. ಇಂಥವರಿಗೆ ಬೇರೆ ಸಾಲು ಮಾಡಿ.

ಹಂತ 6: ಮೇಲ್ಮನೆ ಮರೆಯಬೇಡಿ

ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳು, ತಲಾ 7 ಮಂದಿಯನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ, 11 ನಾಮಕರಣ. ಬೆಳಗಾವಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರ ದ್ವಿಸದಸ್ಯ ಕ್ಷೇತ್ರ. 2021ರಲ್ಲಿ ಗೆದ್ದವರು ಕಾಂಗ್ರೆಸ್ಸಿನ ಚನ್ನರಾಜ ಹಟ್ಟಿಹೊಳಿ ಮತ್ತು ಪಕ್ಷೇತರ ಲಖನ್ ಜಾರಕಿಹೊಳಿ. ಚನ್ನರಾಜ ಅವರು ಲಕ್ಷ್ಮಿ ಹೆಬ್ಬಾಳಕರ ಅವರ ತಮ್ಮ. ಲಖನ್ ಅವರ ಅಣ್ಣಂದಿರಲ್ಲಿ ಸತೀಶ ಕಾಂಗ್ರೆಸ್ ಸಚಿವರು, ರಮೇಶ ಮತ್ತು ಬಾಲಚಂದ್ರ ಬಿಜೆಪಿ ಶಾಸಕರು. ಪಕ್ಷದ ಕಾಲಂ ಒಂದನ್ನೇ ನಂಬಿದರೆ ಈ ಜಿಲ್ಲೆಯ ರಾಜಕಾರಣ ಅರ್ಧವೂ ದಕ್ಕದು. ಮನೆತನಕ್ಕೂ ಒಂದು ಕಾಲಂ ಎಳೆಯಿರಿ.

ಹಂತ 7: ಕಣ್ಣಾರೆ ನೋಡಿ

2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ ಸುವರ್ಣ ವಿಧಾನಸೌಧ ಹಲಗಾ ಬಳಿ, ಹೆದ್ದಾರಿಗೇ ಕಾಣುತ್ತದೆ. ಚಳಿಗಾಲದ ಅಧಿವೇಶನದಲ್ಲಿ ಪಾಸ್ ಪಡೆದು ಗ್ಯಾಲರಿಗೆ ಹೋಗಿ. ಸ್ಪೀಕರ್ ಪೀಠದ ಬಲಕ್ಕೆ ಆಡಳಿತ ಪಕ್ಷ, ಎಡಕ್ಕೆ ವಿರೋಧ ಪಕ್ಷ. ನಿಮಗೆ ಎದುರಾಗಿ ಪೀಠ ಇದ್ದರೆ ಅವರ ಬಲ ನಿಮಗೆ ಎಡ, ಹೊಸಬರು ಇಲ್ಲೇ ತಪ್ಪುವುದು. ಈ 16ನೇ ವಿಧಾನಸಭೆಯಲ್ಲಿ ಬೆಳಗಾವಿ ಉತ್ತರ, ಗ್ರಾಮೀಣದವರನ್ನು ಒಂದು ಬದಿ, ದಕ್ಷಿಣ, ಖಾನಾಪುರದವರನ್ನು ಇನ್ನೊಂದು ಬದಿ ಹುಡುಕಿ. ನಾಲ್ವರನ್ನು ಗುರುತಿಸಿದ ಮೇಲೆ ಜಿಲ್ಲೆಯ ಉಳಿದ 14 ಮಂದಿಗೆ ಕೈಹಾಕಿ.